ಅಣಕು

ಒಬ್ಬರ ಮಾತು, ನಡಿಗೆಯನ್ನು ಹಾಗೆಯೇ ಮಾಡಿ ತೋರಿಸಿ ಗೇಲಿ ಮಾಡುವುದು ಅಣಕ. ಅದರಿಂದಲೇ ಅಣಕಿಸು, ಅಣಕವಾಡು. ವಿಶೇಷಣವಾಗಿ ನಿಂತ ‘ಅಣಕು’ ಪತ್ರಿಕೆಗಳಲ್ಲಿ ಬೇರೆಯೇ ದಾರಿ ಹಿಡಿಯಿತು. ಅಣಕು ಶವಯಾತ್ರೆಯಲ್ಲಿ ಗೇಲಿ ಉಳಿದಿದೆ. ಅಣಕು ಸಂಸತ್ತು, ಅಣಕು ಕಾರ್ಯಾಚರಣೆಗಳಲ್ಲಿ ಉಳಿದಿರುವುದು ತಾಲೀಮು ಮಾತ್ರ.

ಈ ಎರಡನೆಯ ಅರ್ಥದಲ್ಲಿ ‘ಅಣಕು ಮಳೆ’ ಎನ್ನಬಹುದು ಎಂಬುದು ನನ್ನ ಸಲಹೆ. ಪ್ರವಾಹದ ಲೆಕ್ಕಾಚಾರಕ್ಕೆ ಕಂಪ್ಯೂಟರ್ ಸುರಿಸುವ ಮಳೆ ಅದು. ಇಂದು ಮಳೆಯಾದರೆ ನಾಳೆಯೂ ಆಗುವ ಸಂಭವ ಎಷ್ಟು, ಆದರೆ ಎಷ್ಟು ಮಿಲಿಮೀಟರ್ ಎಂಬುದನ್ನು ಹಳೆಯ ದಾಖಲೆಗಳಿಂದ ಕಲಿತು, ಎಂದೂ ಸುರಿಯದ, ಆದರೆ ಸುರಿಯಬಹುದಾಗಿದ್ದ ನೂರಾರು ಮಳೆಗಾಲಗಳನ್ನು ಅದು ಕಟ್ಟುತ್ತದೆ.

ಮಳೆಯನ್ನು ಅಣಕಿಸುವುದು ಸುಲಭವಲ್ಲ. ಮುಂಬಯಿಯನ್ನೇ ನೋಡಿ. 2005ರ ಜುಲೈ 26ರಿಂದ ಮರುದಿನ ಬೆಳಿಗ್ಗೆಯವರೆಗೆ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿಯಿತು. ಅದೇ ಹೊತ್ತಿಗೆ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಎಲ್ಲಿಯೂ ಬೀಳದ ಮಳೆಯೊಂದು ಸಿಗುತ್ತದೆ. ಅದನ್ನು ನಂಬಿದವರಿಗೆ ಅಂದು ನಗರದ ಮೀಠಿ ನದಿ ಉಕ್ಕಿದ್ದು ಅರ್ಥವೇ ಆಗದು. ಗಂಟೆಗಂಟೆಯ ರಭಸ, ಬಡಾವಣೆಯಿಂದ ಬಡಾವಣೆಗೆ ಇರುವ ವ್ಯತ್ಯಾಸ, ಚರಂಡಿಯ ನೀರನ್ನು ಹಿಂದಕ್ಕೆ ತಳ್ಳುವ ಸಮುದ್ರದ ಉಬ್ಬರ, ಇವೆಲ್ಲ ಲೆಕ್ಕಕ್ಕೆ ಬರಬೇಕು. 2020ರ ಜೂನ್‌ನಲ್ಲಿ ಆರಂಭವಾದ ‘ಐಫ್ಲೋಸ್-ಮುಂಬಯಿ’ ಪ್ರವಾಹ ಮುನ್ನೆಚ್ಚರಿಕೆ ವ್ಯವಸ್ಥೆ ಮಳೆಯ ಜೊತೆಗೆ ಉಬ್ಬರವನ್ನೂ ಪರಿಗಣಿಸುತ್ತದೆ.

ಇಂಥ ಲೆಕ್ಕಾಚಾರಕ್ಕೆ ‘ಅನುಕರಣೆ’, ‘ಸಿಮ್ಯುಲೇಷನ್’ ಎರಡೂ ಪದಗಳು ಬಳಕೆಯಲ್ಲಿವೆ. ಆದರೂ ಒಬ್ಬರ ಚಹರೆಯನ್ನಲ್ಲ, ಚಾಳಿಯನ್ನೇ ಹಿಡಿಯುವುದು ಅಣಕ. ಮಳೆಯ ವಿಷಯದಲ್ಲಿ ಬೇಕಾದದ್ದೂ ಅದೇ.