‘ಲಾಯಲ್’ ಅಂದ್ರೆ ಯಾರಿಗೆ? ಒಂದು ಪದ ನಡೆದು ಬಂದ ದಾರಿ

ಚುನಾವಣೆ ಟಿಕೆಟ್ ಹಂಚುವ ಕಾಲದಲ್ಲಿ ವರದಿಗೆ ಹೋದರೆ ಒಂದು ಮಾತು ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ: ‘ಇಪ್ಪತ್ತು ವರ್ಷದಿಂದ ಪಕ್ಷಕ್ಕೆ ಲಾಯಲ್ ಆಗಿದೀನಿ ಸಾರ್, ನಿನ್ನೆ ಬಂದವನಿಗೆ ಟಿಕೆಟ್ ಕೊಟ್ರು.’ ಸಂಜೆ ಮನೆಗೆ ಬಂದು ಮೊಬೈಲ್ ನೋಡಿದರೆ ಬಟ್ಟೆ ಅಂಗಡಿಯ ಮೆಸೇಜು: ‘ನಿಮ್ಮ ಲಾಯಲ್ಟಿ ಪಾಯಿಂಟ್ಸ್ ಅವಧಿ ಈ ತಿಂಗಳು ಮುಗಿಯಲಿದೆ.’ ನಿಮಗೂ ಇಂಥದ್ದು ಬಂದಿರುತ್ತದೆ.

ಅಲ್ಲಿ ಪಕ್ಷ, ಇಲ್ಲಿ ಅಂಗಡಿ. ಪದ ಮಾತ್ರ ಒಂದೇ. ವಿಚಿತ್ರ ಏನೆಂದರೆ, ಈ ಪದದ ಬೇರಿನಲ್ಲಿ ಪಕ್ಷವೂ ಇಲ್ಲ, ಅಂಗಡಿಯೂ ಇಲ್ಲ, ರಾಜನೂ ಇಲ್ಲ. ಅಲ್ಲಿರುವುದು ಕಾನೂನು.

ಲೀಗಲ್ ಮತ್ತು ಲಾಯಲ್: ಒಂದೇ ತಾಯಿಯ ಮಕ್ಕಳು

ಹಳೆಯ ರೋಮನ್ನರ ಲ್ಯಾಟಿನ್ ಭಾಷೆಯಲ್ಲಿ ‘ಲೆಕ್ಸ್’ ಎಂದರೆ ಕಾನೂನು. ಅದರಿಂದ ‘ಲೆಗಾಲಿಸ್’ ಎಂಬ ಪದ ಬಂತು, ಅಂದರೆ ಕಾನೂನಿಗೆ ಸಂಬಂಧಿಸಿದ್ದು. ಫ್ರಾನ್ಸಿನ ಜನರ ಬಾಯಲ್ಲಿ ನೂರಾರು ವರ್ಷ ಸವೆದು ಅದು ‘ಲೊಯಾಲ್’ ಆಯಿತು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅಲ್ಲಿನ ಅರಮನೆಯ ಭಾಷೆಯಾಯಿತು. ಆ ದಾರಿಯಲ್ಲಿ ಸಾವಿರಾರು ಪದಗಳು ಇಂಗ್ಲಿಷಿಗೆ ಸೇರಿದವು, ಇದೂ ಸೇರಿತು. ಮುಂದೆ ಓದಿದವರು ಅದೇ ಲ್ಯಾಟಿನ್ ಪದವನ್ನು ಪುಸ್ತಕದಿಂದ ಹೆಚ್ಚು ಬದಲಿಸದೆ ತೆಗೆದುಕೊಂಡರು. ಅದು ‘ಲೀಗಲ್’.

ಶಾಲೆಯಲ್ಲಿ ತತ್ಸಮ, ತದ್ಭವ ಓದಿದ್ದು ನೆನಪಿದೆಯಾ? ಕಾರ್ಯ ತತ್ಸಮ, ಕಜ್ಜ ತದ್ಭವ. ಹಾಗೇ ಲೀಗಲ್ ತತ್ಸಮ, ಲಾಯಲ್ ತದ್ಭವ ಅಂದುಕೊಳ್ಳಿ. ರಾಯಲ್, ರೀಗಲ್ ಎಂಬ ಜೋಡಿಯೂ ಹೀಗೇ ಹುಟ್ಟಿದ್ದು.

ಲಾಯರ್ ಕೂಡ ಇದೇ ಮನೆಯವರು ಅನ್ನಿಸಬಹುದು. ಅಲ್ಲ. ಅದರಲ್ಲಿರುವ ‘ಲಾ’ ಎಂಬ ಪದ ಉತ್ತರ ಯುರೋಪಿನ ನಾರ್ಸ್ ಜನರಿಂದ ಇಂಗ್ಲಿಷಿಗೆ ಬಂದದ್ದು. ಉಚ್ಚಾರ ಹತ್ತಿರ, ವಂಶ ಬೇರೆ.

ಹಳೆ ಫ್ರೆಂಚಿನಲ್ಲಿ ಲೊಯಾಲ್ ಮನುಷ್ಯ ಎಂದರೆ ಕಾನೂನಿನಂತೆ ನಡೆಯುವವನು, ಆಡಿದ ಮಾತಿಗೆ ತಪ್ಪದವನು. ಫ್ರಾನ್ಸಿನ ವ್ಯಾಪಾರದ ಭಾಷೆಯಲ್ಲಿ ಮೋಸವಿಲ್ಲದ, ಮಾರಾಟಕ್ಕೆ ಯೋಗ್ಯವಾದ ಸರಕಿಗೂ ಈ ಪದ ಬಳಸುವ ರೂಢಿ ಇಂದಿಗೂ ಇದೆ.

ಎರಡು ಕೈ ಸೇರಿದರೆ ಚಪ್ಪಾಳೆ

ಆಗಿನ ಯುರೋಪಿನಲ್ಲಿ ಭೂಮಿ ಒಡೆಯರದ್ದು. ಅವರಿಂದ ಭೂಮಿ ಪಡೆದವನು ಮಂಡಿಯೂರಿ, ಮುಗಿದ ತನ್ನ ಎರಡೂ ಕೈಗಳನ್ನು ಒಡೆಯನ ಕೈಗಳ ನಡುವೆ ಇಟ್ಟು ‘ನಾನು ನಿಮ್ಮವನು’ ಎಂದು ಪ್ರಮಾಣ ಮಾಡುತ್ತಿದ್ದ. ಮೇಲ್ನೋಟಕ್ಕೆ ಇದು ಬರೀ ತಲೆಬಾಗುವ ಕೆಲಸ. ಆದರೆ ಸುಮಾರು 1020ರಲ್ಲಿ ಫ್ರಾನ್ಸಿನ ಷಾರ್ಟ್ರ್ ಊರಿನ ಬಿಷಪ್ ಫುಲ್ಬರ್ಟ್ ಒಬ್ಬ ದೊರೆಗೆ ಬರೆದ ಪತ್ರ ಬೇರೆಯದೇ ಹೇಳುತ್ತದೆ. ಆಳು ಒಡೆಯನಿಗೆ ಏನೇನು ಮಾಡಬೇಕೆಂದು ಪಟ್ಟಿ ಮಾಡಿ, ಒಡೆಯನೂ ಆಳಿಗೆ ಅಷ್ಟೇ ಮಾಡಬೇಕು, ಮಾಡದಿದ್ದರೆ ನಂಬಿಕೆಗೆಟ್ಟವನು ಅವನೇ ಎಂದು ಬರೆದಿದ್ದಾನೆ.

1215ರಲ್ಲಿ ಇಂಗ್ಲೆಂಡಿನ ಜಮೀನ್ದಾರರು ದೊರೆ ಜಾನ್‌ನಿಂದ ಮ್ಯಾಗ್ನಾ ಕಾರ್ಟಾ ಎಂಬ ಒಪ್ಪಂದಕ್ಕೆ ಮೊಹರು ಹಾಕಿಸಿಕೊಂಡರು. ದೊರೆ ಮಾತು ತಪ್ಪಿದರೆ 25 ಜನ ಜಮೀನ್ದಾರರು ಅವನ ಕೋಟೆ, ಭೂಮಿ ವಶಪಡಿಸಿಕೊಳ್ಳಬಹುದು ಎಂಬ ಷರತ್ತು ಅದರಲ್ಲಿತ್ತು. ಅಂದರೆ ನಿಷ್ಠೆ ಒಮ್ಮುಖ ರಸ್ತೆಯಾಗಿರಲಿಲ್ಲ.

ನಮ್ಮಲ್ಲಿ ಇದೇ ಭಾವಕ್ಕೆ ಹಳೆಗನ್ನಡದಲ್ಲಿ ‘ಜೋಳವಾಳಿ’ ಎಂಬ ಪದವಿತ್ತು. ಒಡೆಯ ಕೊಟ್ಟ ಜೋಳ ಉಂಡವನು ಹೊತ್ತು ಬಂದಾಗ ಪ್ರಾಣ ಕೊಟ್ಟಾದರೂ ಆ ಋಣ ತೀರಿಸಬೇಕು. ಹಳೇಬೀಡಿಗೆ ಹೋದರೆ ಕುವರ ಲಕ್ಷ್ಮನ ಕಂಬ ನೋಡಿ. ದೊರೆ ಎರಡನೇ ಬಲ್ಲಾಳ ತೀರಿಕೊಂಡಾಗ ತಾನೂ ಪ್ರಾಣಬಿಟ್ಟವನು ಅವನು. ನಮ್ಮ ಪದ ಹುಟ್ಟಿದ್ದು ಅನ್ನದ ಋಣದಲ್ಲಿ, ಇಂಗ್ಲಿಷಿನದ್ದು ಕಾನೂನಿನಲ್ಲಿ. ‘ಉಂಡ ಮನೆಗೆ ಎರಡು ಬಗೆಯಬೇಡ’ ಎಂದು ಇವತ್ತಿಗೂ ಹೇಳುವ ನಮಗೆ ಈ ವ್ಯತ್ಯಾಸ ಸಣ್ಣದಲ್ಲ.

ಕಾನೂನು ಜಾರಿತು, ರಾಜ ಉಳಿದ

ಇಂಗ್ಲಿಷಿನಲ್ಲಿ ನಿಧಾನವಾಗಿ ಕಾನೂನು ಹಿಂದೆ ಸರಿದು ವ್ಯಕ್ತಿ ಮುಂದೆ ಬಂದ. ಲಾಯಲ್ ಎಂದರೆ ರಾಜನಿಗೆ, ಗಂಡನಿಗೆ, ತಂದೆಗೆ ನಿಷ್ಠೆ ತೋರುವುದು ಎಂದಾಯಿತು. ಇದರ ಅಪಾಯವನ್ನು ಶೇಕ್ಸ್‌ಪಿಯರ್ ಆಗಲೇ ಕಂಡಿದ್ದ. ಅವನ ‘ಕಿಂಗ್ ಲಿಯರ್’ ನಾಟಕದಲ್ಲಿ ಗ್ಲಾಸ್ಟರ್ ಎಂಬ ಮುದುಕ ತನ್ನ ಒಬ್ಬ ಮಗನನ್ನು ಲಾಯಲ್ ಎಂದು ಹೊಗಳುತ್ತಾನೆ. ಸುಳ್ಳು ಪತ್ರ ಬರೆದು ತಂದೆಗೆ ಮೋಸ ಮಾಡಿದವನೇ ಆ ಮಗ. ನಿಯತ್ತಿನ ಇನ್ನೊಬ್ಬ ಮಗ ಮನೆ ಬಿಟ್ಟು ಓಡಬೇಕಾಗುತ್ತದೆ.

1776ರಲ್ಲಿ ಅಮೆರಿಕದ ವಸಾಹತುಗಳು ಬ್ರಿಟನ್ನಿನಿಂದ ಬಿಡುಗಡೆ ಘೋಷಿಸಿಕೊಂಡಾಗ ರಾಜನ ಪರ ನಿಂತವರಿಗೆ ‘ಲಾಯಲಿಸ್ಟ್’ ಎಂಬ ಹೆಸರು ಬಿತ್ತು. ಕೆಲವರ ಮೈಗೆ ಬಿಸಿ ಟಾರು ಸುರಿದು, ಗರಿ ಅಂಟಿಸಿ ಮೆರವಣಿಗೆ ಮಾಡಿದರು. ಹತ್ತಾರು ಸಾವಿರ ಜನ ಮನೆಮಠ ಬಿಟ್ಟು ಕೆನಡಾ ಮುಂತಾದ ಕಡೆಗೆ ಹೋದರು. ಒಂದು ಕಡೆಯವರಿಗೆ ಲಾಯಲ್, ಇನ್ನೊಂದು ಕಡೆಯವರಿಗೆ ದ್ರೋಹಿ.

1826ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಹಾಬ್‌ಹೌಸ್ ಎಂಬ ಸದಸ್ಯ ತಮಾಷೆಗೆ ‘ದೊರೆಯ ವಿರೋಧ ಪಕ್ಷ’ ಎಂದ. ಸಭೆ ನಕ್ಕಿತು. ಆದರೆ ಮಾತು ನಿಂತಿತು. ಮುಂದೆ ಅದಕ್ಕೆ ಲಾಯಲ್ ಎಂಬ ಪದವೂ ಸೇರಿತು. ಸರ್ಕಾರವನ್ನು ಟೀಕಿಸಿಯೂ ದೇಶಕ್ಕೆ ನಿಷ್ಠನಾಗಿರಬಹುದು ಎಂಬ ದೊಡ್ಡ ವಿಚಾರ ಅದರಲ್ಲಿತ್ತು. ನಮ್ಮಲ್ಲಿ 1977ರ ಕಾಯ್ದೆಯೊಂದು ಸಂಸತ್ತಿನ ವಿರೋಧ ಪಕ್ಷದ ನಾಯಕರಿಗೂ ಸರ್ಕಾರದಿಂದಲೇ ಸಂಬಳ ಕೊಡಿಸುವುದು ಇದೇ ತಿಳಿವಳಿಕೆಯಿಂದ.

ಪ್ರೀತಿಗೆ ಸೆಕ್ಷನ್ ಹಾಕಿದಾಗ

ಭಾರತದಲ್ಲಿ ಮಾತ್ರ ಬ್ರಿಟಿಷರು ಆ ಉದಾರತೆ ತೋರಲಿಲ್ಲ. 1870ರಲ್ಲಿ ದಂಡ ಸಂಹಿತೆಗೆ 124ಎ ಸೆಕ್ಷನ್ ಸೇರಿಸಿದರು, ಅದೇ ರಾಜದ್ರೋಹ. ಮುಂದೆ ಅದರ ವಿವರಣೆಯಲ್ಲಿ ‘ಡಿಸ್‌ಲಾಯಲ್ಟಿ’ ಎಂಬ ಪದವೂ ಕೂತಿತು. ಬರೆದ ಲೇಖನಗಳಿಗಾಗಿ 1908ರಲ್ಲಿ ತಿಲಕರಿಗೆ ಆರು ವರ್ಷ ಶಿಕ್ಷೆಯಾಗಿ ಮಂಡಾಲೆ ಜೈಲಿಗೆ ಹೋದರು.

ಗಾಂಧೀಜಿ ಮೊದಲು ಸಾಮ್ರಾಜ್ಯಕ್ಕೆ ಲಾಯಲ್ ಆಗಿದ್ದವರೇ. ಸರ್ಕಾರ ಕೊಟ್ಟಿದ್ದ ಕೈಸರ್-ಇ-ಹಿಂದ್ ಪದಕವನ್ನು 1920ರಲ್ಲಿ ಹಿಂದಿರುಗಿಸಿದರು. 1922ರ ಮಾರ್ಚ್‌ನಲ್ಲಿ ಅಹಮದಾಬಾದಿನ ಕೋರ್ಟಿನಲ್ಲಿ ಇದೇ ಸೆಕ್ಷನ್ ಅಡಿ ನಿಂತಾಗ ತಪ್ಪು ಒಪ್ಪಿಕೊಂಡರು. ನಿಷ್ಠನಾಗಿದ್ದ ನಾನು ಯಾಕೆ ಹೀಗಾದೆ ಎಂದು ವಿವರಿಸಿದರು. ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲು ಆಗದು ಎಂಬುದು ಅವರ ವಾದದ ತಿರುಳು. ಅವರಿಗೂ ಆರು ವರ್ಷ ಶಿಕ್ಷೆಯಾಯಿತು.

ರಾಜನನ್ನೇ ಬೇಡವೆಂದ ಅಮೆರಿಕವೂ ಇದೇ ಹಳ್ಳಕ್ಕೆ ಬಿತ್ತು. ಕಮ್ಯುನಿಸ್ಟರ ಭಯದಲ್ಲಿ 1947ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರೂಮನ್ ಕೇಂದ್ರ ಸರ್ಕಾರಿ ನೌಕರರ ನಿಷ್ಠೆ ತನಿಖೆಗೆ ಆದೇಶಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ನಿಷ್ಠೆಯ ಪ್ರಮಾಣಪತ್ರಕ್ಕೆ ಸಹಿ ಹಾಕದ 31 ಅಧ್ಯಾಪಕರನ್ನು 1950ರಲ್ಲಿ ಕೆಲಸದಿಂದ ತೆಗೆಯಿತು. ಎರಡು ವರ್ಷದ ನಂತರ ಅಲ್ಲಿನ ನ್ಯಾಯಾಲಯದ ತೀರ್ಪು ಆ ಅಧ್ಯಾಪಕರ ಪರವಾಗಿ ಬಂತು.

ಆಮೇಲೆ ಪದ ಅಂಗಡಿಗೆ ಬಂತು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿ, ಹಾರಿದಷ್ಟು ಮೈಲಿಗೆ ಪ್ರತಿಫಲ ಕೊಡುವ ಯೋಜನೆ ತಂದಿತು. 1995ರಲ್ಲಿ ಬ್ರಿಟನ್ನಿನ ಟೆಸ್ಕೋ ಅಂಗಡಿಗಳು ಕ್ಲಬ್‌ಕಾರ್ಡ್ ಕೊಟ್ಟವು. ನಾವು ಏನು ಕೊಳ್ಳುತ್ತೇವೆ, ಯಾವಾಗ ಕೊಳ್ಳುತ್ತೇವೆ ಎಂಬ ಲೆಕ್ಕ ಅಂಗಡಿಯವರ ಬಳಿ ಸೇರುತ್ತದೆ. ಬದಲಿಗೆ ನಮಗೆ ಒಂದಿಷ್ಟು ಪಾಯಿಂಟು. ಅದನ್ನೇ ಲಾಯಲ್ಟಿ ಅನ್ನುತ್ತಾರೆ.

ನಮ್ಮ ಪ್ರಮಾಣವಚನದಲ್ಲಿ

ಬ್ರಿಟನ್ನಿನ ಸಂಸದರು ಇವತ್ತಿಗೂ ದೊರೆಗೆ ಮತ್ತು ಅವರ ವಾರಸುದಾರರಿಗೆ ನಿಷ್ಠೆಯ ಪ್ರಮಾಣ ಮಾಡುತ್ತಾರೆ. ನಮ್ಮ ಶಾಸಕರು, ಸಂಸದರು ಏನು ಹೇಳುತ್ತಾರೆ? ಸಂವಿಧಾನದ ಮೂರನೇ ಅನುಸೂಚಿ ತೆಗೆದು ನೋಡಿ. ಶ್ರದ್ಧೆ ಮತ್ತು ನಿಷ್ಠೆ ಕಾನೂನಿನ ಪ್ರಕಾರ ಸ್ಥಾಪಿತವಾದ ಭಾರತದ ಸಂವಿಧಾನಕ್ಕೆ. ರಾಜನಿಗಲ್ಲ, ನಾಯಕನಿಗಲ್ಲ, ಪಕ್ಷಕ್ಕಲ್ಲ. 1949ರ ನವೆಂಬರ್ 25ರಂದು ಅಂಬೇಡ್ಕರ್ ಎಚ್ಚರಿಸಿದ್ದೂ ಇದನ್ನೇ: ಎಷ್ಟೇ ದೊಡ್ಡ ಮನುಷ್ಯನಾದರೂ ನಮ್ಮ ಸ್ವಾತಂತ್ರ್ಯವನ್ನು ಅವನ ಪಾದದಲ್ಲಿ ಇಡಬಾರದು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ.

ಪಕ್ಷನಿಷ್ಠೆಗೂ ಕಾನೂನು ಬಂದದ್ದು 1985ರಲ್ಲಿ, ಪಕ್ಷಾಂತರ ನಿಷೇಧದ ಮೂಲಕ. 2019ರಲ್ಲಿ ನಮ್ಮ ರಾಜ್ಯದ 17 ಶಾಸಕರನ್ನು ಸ್ಪೀಕರ್ ಅದರಡಿ ಅನರ್ಹಗೊಳಿಸಿದರು. ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಆ ಉಪಚುನಾವಣೆಯಲ್ಲಿ ನಿಂತವರಲ್ಲಿ ಹೆಚ್ಚಿನವರು ಗೆದ್ದರು. ಕಾನೂನು ಜಿಗಿಯುವವರ ಕುರ್ಚಿ ಕಿತ್ತುಕೊಳ್ಳಬಲ್ಲದು, ನಿಯತ್ತು ಕೊಡಲಾರದು. ಗಾಂಧೀಜಿ ಕೋರ್ಟಿನಲ್ಲಿ ಹೇಳಿದ್ದೂ ಅದೇ ತಾನೆ?

ಟಿಕೆಟ್ ಸಿಗದೆ ಬೇಸರಗೊಂಡ ಕಾರ್ಯಕರ್ತರನ್ನು ಕಂಡರೆ ನನಗೂ ಮರುಕವಾಗುತ್ತದೆ. ಬ್ಯಾನರ್ ಕಟ್ಟಿದ ಕೈಗಳು ಅವು. ಪಕ್ಷ ಅವರ ಬಗ್ಗೆ ಏನೂ ಋಣ ಇಟ್ಟುಕೊಳ್ಳದಿದ್ದರೆ ಷಾರ್ಟ್ರ್ ಬಿಷಪ್ಪನ ಲೆಕ್ಕದಲ್ಲಿ ನಂಬಿಕೆಗೆಟ್ಟದ್ದು ಪಕ್ಷವೇ. ಆದರೆ ನಮ್ಮೂರಿನ ರಸ್ತೆ, ನೀರು, ಪಡಿತರಕ್ಕಾಗಿ ಓಟು ಕೇಳಲು ಬರುವವರು ‘ನಾನು ಲಾಯಲ್’ ಎಂದರೆ, ನಾವು ಕೇಳಬೇಕಾದ ಪ್ರಶ್ನೆ ಬೇರೆ: ಯಾರಿಗೆ, ಸ್ವಾಮಿ? ಪ್ರಮಾಣವಚನದ ದಿನ ಅವರೇ ಅದಕ್ಕೆ ಉತ್ತರ ಓದುತ್ತಾರೆ. ಆಮೇಲೆ ಐದು ವರ್ಷ ಅದನ್ನು ನೆನಪಿಸುತ್ತಿರುವುದು ನಮ್ಮ ಕೆಲಸ.