ಚೆಕ್: ಅರಸನಿಗೆ ಕೊಟ್ಟ ಎಚ್ಚರಿಕೆ

ಬೆಳಗ್ಗೆ ಮನೆಯಿಂದ ಹೊರಟವರು ಸಂಜೆ ಮರಳುವುದರೊಳಗೆ ಒಂದೇ ಇಂಗ್ಲಿಷ್ ಪದವನ್ನು ಎಷ್ಟು ಅರ್ಥಗಳಲ್ಲಿ ಕೇಳುತ್ತೇವೆ ಎಂದು ಎಂದಾದರೂ ಲೆಕ್ಕ ಹಾಕಿದ್ದೇವೆಯೇ? ಡಾಕ್ಟರರ ಬಳಿ ಬಿಪಿ ಚೆಕ್ ಮಾಡಿಸುತ್ತೇವೆ. ಬ್ಯಾಂಕಿಗೆ ಹೋಗಿ ಚೆಕ್ ಹಾಕುತ್ತೇವೆ. ಬಟ್ಟೆ ಅಂಗಡಿಯಲ್ಲಿ ಚೆಕ್ಸ್ ಲುಂಗಿ ಕೇಳುತ್ತೇವೆ. ದಾರಿಯ ಚೆಕ್‌ಪೋಸ್ಟಿನಲ್ಲಿ ವಾಹನ ನಿಲ್ಲಿಸುತ್ತೇವೆ. ಸಂಜೆ ಜಗಲಿಯಲ್ಲಿ ಚೆಸ್ ಆಡುವ ಮಕ್ಕಳು 'ಚೆಕ್!' ಎಂದು ಕೂಗುತ್ತಾರೆ.

ಪರೀಕ್ಷೆ, ಹಣ, ಚೌಕಳಿ, ತಡೆ, ಆಟ - ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಅರ್ಥಗಳಿವು. ಇವುಗಳಲ್ಲಿ ತಾಯಿ ಯಾವುದು? ಜಗಲಿಯ ಮಕ್ಕಳ ಬಾಯಲ್ಲಿರುವುದೇ ಎಲ್ಲಕ್ಕಿಂತ ಹಳೆಯದು. ಸೋಜಿಗವೆಂದರೆ, ಈ ಪದ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ. ಅದರ ಮೂಲ ಪರ್ಷಿಯನ್ ಭಾಷೆಯ 'ಶಾಹ್', ಅಂದರೆ ಅರಸ.

ಭಾರತದಲ್ಲಿ ಹುಟ್ಟಿದ ಚತುರಂಗ ಸುಮಾರು 6ನೇ ಶತಮಾನದ ಹೊತ್ತಿಗೆ ಪರ್ಷಿಯಾಕ್ಕೆ ಹೋಯಿತು. ಭಾರತದ ರಾಜನೊಬ್ಬ ಈ ಆಟವನ್ನು ಒಗಟಿನಂತೆ ಖುಸ್ರೋ ದೊರೆಯ ಆಸ್ಥಾನಕ್ಕೆ ಕಳುಹಿಸಿದನೆಂದೂ, ಮಂತ್ರಿ ಬುಜುರ್ಗ್‌ಮಿಹ್ರ್ ಅದನ್ನು ಬಿಡಿಸಿದನೆಂದೂ ಪರ್ಷಿಯನ್ನರ ಐತಿಹ್ಯ ಹೇಳುತ್ತದೆ. ಫಿರ್ದೌಸಿಯ 'ಶಾಹ್‌ನಾಮಾ'ದಲ್ಲೂ ಈ ಕತೆಯಿದೆ. ಪರ್ಷಿಯನ್ನರು ಆಟವನ್ನು ಚತ್ರಂಗ್ ಎಂದರು, ಅರಬರು ಶತ್ರಂಜ್ ಎಂದರು. ಆಟದ ಬಗ್ಗೆ ಧರ್ಮ ಪಂಡಿತರಲ್ಲಿ ಭಿನ್ನಾಭಿಪ್ರಾಯಗಳಿದ್ದರೂ ಬಗ್ದಾದಿನ ಅಬ್ಬಾಸೀ ಆಸ್ಥಾನದಲ್ಲಿ ಅದಕ್ಕೆ ದೊಡ್ಡ ಮನ್ನಣೆ ಸಿಕ್ಕಿತು. 9ನೇ ಶತಮಾನದಲ್ಲಿ ಅಲ್-ಅದ್ಲೀ, 10ನೇ ಶತಮಾನದಲ್ಲಿ ಅಸ್-ಸೂಲೀ ಈ ಆಟದ ಕುರಿತು ಗ್ರಂಥಗಳನ್ನೇ ಬರೆದರು.

ಎದುರಾಳಿಯ ಅರಸನಿಗೆ ಅಪಾಯ ಒಡ್ಡಿದವನು ಬಾಯಿಬಿಟ್ಟು 'ಶಾಹ್' ಎನ್ನಬೇಕಿತ್ತು. ಅರಸನೇ, ಎಚ್ಚರ ಎಂದು ಅದರ ಭಾವ. ಅರಸನಿಗೆ ದಾರಿಯೇ ಉಳಿಯದಿದ್ದರೆ 'ಶಾಹ್ ಮಾತ್'. 'ಮಾತ್' ಎಂದರೆ ಅಸಹಾಯಕನಾದ ಎಂದು ಪರ್ಷಿಯನ್ ಬಲ್ಲವರು ಹೇಳಿದರೆ, ಸತ್ತ ಎಂಬ ಅರಬಿ ಅರ್ಥವನ್ನು ಹಿಡಿದವರೂ ಇದ್ದಾರೆ. ಇಂಗ್ಲಿಷಿನ ಚೆಕ್‌ಮೇಟ್, ರಷ್ಯನ್ನರು ಚೆಸ್ಸಿಗೆ ಕೊಟ್ಟ ಶಾಖ್ಮತಿ ಎಂಬ ಹೆಸರು, ಹಿಂದಿ-ಉರ್ದುವಿನ 'ಶಹ್ ಔರ್ ಮಾತ್' ಎಂಬ ನುಡಿ - ಎಲ್ಲವೂ ಒಂದೇ ಬೇರಿನ ಚಿಗುರುಗಳು.

ಮುಸ್ಲಿಮ್ ಜಗತ್ತಿನಿಂದ ಆಟ ಯುರೋಪಿಗೆ ದಾಟಿದಾಗ 'ಶಾಹ್' ಲ್ಯಾಟಿನಿನಲ್ಲಿ 'ಸ್ಕಾಕುಸ್' ಆಯಿತು, ಹಳೆಯ ಫ್ರೆಂಚಿನಲ್ಲಿ 'ಎಶೆಕ್' ಆಯಿತು, ಇಂಗ್ಲಿಷಿನಲ್ಲಿ 'ಚೆಕ್' ಆಯಿತು. ಫ್ರೆಂಚ್ ಪದದ ಬಹುವಚನವೇ 'ಚೆಸ್'. ಚೆಕ್ ಎಂದಾಗ ಅರಸ ತನಗಿಷ್ಟ ಬಂದಂತೆ ನಡೆಯುವಂತಿಲ್ಲ. ಮೊದಲು ಅಪಾಯದಿಂದ ಪಾರಾಗಬೇಕು. ತಡೆ, ಅಂಕುಶ ಎಂಬ ಅರ್ಥ ಬಂದದ್ದು ಇಲ್ಲಿಂದ. ತಡೆದು ನಿಲ್ಲಿಸಿ ನೋಡುವುದು ಮುಂದೆ ಪರಿಶೀಲನೆಯೂ ಆಯಿತು.

ಇನ್ನು ಹಣದ ಅರ್ಥಕ್ಕೆ ಬರೋಣ. ಚದುರಂಗದ ಮಣೆಗೆ ಫ್ರೆಂಚಿನಲ್ಲಿ 'ಎಶೆಕಿಯೆ' ಎನ್ನುತ್ತಿದ್ದರು. 12ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಖಜಾನೆಯ ಲೆಕ್ಕಪತ್ರ ನೋಡುವ ಮೇಜಿಗೂ ಇದೇ ಹೆಸರು ಬಂತು. ಅದು ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜು. ಅದರ ಮೇಲೆ ಗೆರೆಗಳುಳ್ಳ ಕಪ್ಪು ಬಟ್ಟೆ. ಪೆನ್ನಿ, ಶಿಲ್ಲಿಂಗ್, ಪೌಂಡ್, ನೂರು, ಸಾವಿರ ಎಂದು ಒಂದೊಂದಕ್ಕೂ ಒಂದೊಂದು ಸಾಲು. ಸಾಲುಗಳಲ್ಲಿ ಬಿಲ್ಲೆಗಳನ್ನಿಟ್ಟು ಕೂಡಿ ಕಳೆಯುತ್ತಿದ್ದರು. ರೋಮನ್ ಅಂಕಿಗಳಲ್ಲಿ ಕಾಗದದ ಮೇಲೆ ಲೆಕ್ಕ ಮಾಡುವುದು ಬಲು ಕಷ್ಟವಾಗಿದ್ದ ಕಾಲವದು. ಬಿಲ್ಲೆಗಳಾದರೆ ಓದು ಬರಹ ಬಾರದವನಿಗೂ ಕಣ್ಣಿಗೆ ಕಾಣುತ್ತಿದ್ದವು.

ಪ್ರಾಂತ್ಯಗಳಲ್ಲಿ ತೆರಿಗೆ ಎತ್ತುವ ಬಲಿಷ್ಠ ಅಧಿಕಾರಿಗಳಾದ ಶೆರೀಫರು ವರ್ಷಕ್ಕೆ ಎರಡು ಬಾರಿ ಈ ಮೇಜಿನ ಮುಂದೆ ಕೂತು ಪೈಸೆ ಪೈಸೆಗೆ ಲೆಕ್ಕ ಒಪ್ಪಿಸಬೇಕಿತ್ತು. 1170ರ ದಶಕದ ಕೊನೆಯಲ್ಲಿ ಖಜಾಂಚಿ ರಿಚರ್ಡ್ ಫಿಟ್ಜ್‌ನೀಲ್ ಈ ಪದ್ಧತಿಯ ಬಗ್ಗೆ ಲ್ಯಾಟಿನಿನಲ್ಲಿ ಒಂದು ಗ್ರಂಥ ಬರೆದ. ಖಜಾಂಚಿಗೂ ಶೆರೀಫನಿಗೂ ನಡೆಯುವ ಈ ಸವಾಲು ಜವಾಬನ್ನು ಅವನು ಚದುರಂಗದ ಕಾಳಗಕ್ಕೇ ಹೋಲಿಸಿದ್ದಾನೆ. ಇಂದಿಗೂ ಬ್ರಿಟನ್ನಿನ ಹಣಕಾಸು ಸಚಿವರ ಹುದ್ದೆಗೆ 'ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್' ಎಂದೇ ಹೆಸರು. ನಮ್ಮ ಲುಂಗಿಯ ಚೆಕ್ಸ್ ಕೂಡ ಆ ಚದುರಂಗದ ಮಣೆಯ ಚೌಕಳಿಯೇ.

ಬ್ಯಾಂಕಿನ ಚೆಕ್ಕಿನ ಬಗ್ಗೆ ನಮ್ಮಲ್ಲಿ ಒಂದು ಮಾತು ಪ್ರಚಾರದಲ್ಲಿದೆ. ಅದು ಅರಬಿಯ 'ಸಕ್ಕ್' ಎಂಬ ಪದದಿಂದ ಬಂದಿದೆ ಎನ್ನುತ್ತಾರೆ. ಸಕ್ಕ್ ಎಂದರೆ ಹಣ ಕೊಡಲು ಒಪ್ಪಿ ಬರೆದ ಪತ್ರ. ಅಂಥ ಪತ್ರಗಳು ಮುಸ್ಲಿಮ್ ವ್ಯಾಪಾರಿಗಳಲ್ಲಿ ಬಳಕೆಯಲ್ಲಿದ್ದುದು ನಿಜ. 10ನೇ ಶತಮಾನದ ಪ್ರವಾಸಿ ಇಬ್ನ್ ಹೌಕಲ್, ಸಹಾರಾದ ದಕ್ಷಿಣ ಅಂಚಿನ ಔದಗುಸ್ತ್ ಪಟ್ಟಣದ ವ್ಯಾಪಾರಿಯೊಬ್ಬನ ಹೆಸರಿನಲ್ಲಿದ್ದ 42,000 ದೀನಾರುಗಳ ಸಕ್ಕ್ ಕಂಡದ್ದನ್ನು ದಾಖಲಿಸಿದ್ದಾನೆ. ಆದರೆ ನಿಘಂಟುಕಾರರು ಸಾಮಾನ್ಯವಾಗಿ ತೋರಿಸುವ ದಾರಿ ಬೇರೆ. 18ನೇ ಶತಮಾನದ ಆರಂಭದಲ್ಲಿ, ವಂಚನೆ ತಡೆಯಲೆಂದು ಹಣದ ಪತ್ರದ ಜೊತೆ ಉಳಿಸಿಕೊಳ್ಳುತ್ತಿದ್ದ ಪ್ರತಿಭಾಗಕ್ಕೆ ಚೆಕ್ ಎನ್ನುತ್ತಿದ್ದರು. ಆ ಹೆಸರೇ ಮುಂದೆ ಪತ್ರಕ್ಕೂ ಅಂಟಿತು. ಕೇಳಲು ಹಿತವಾಗಿದೆ ಎಂಬ ಕಾರಣಕ್ಕೆ ಯಾವುದನ್ನೂ ನಮ್ಮದೆಂದು ಸಾಧಿಸಬೇಕಿಲ್ಲ. ಖಾತ್ರಿಯಾದ ಋಣವೇ ಬೇಕಾದಷ್ಟಿದೆ.

ಈ ಋಣ ಒಂದು ಕಡೆಯದಲ್ಲ. ಆಟ ಕೊಟ್ಟದ್ದು ಭಾರತ, 'ಶಾಹ್' ಎಂದದ್ದು ಪರ್ಷಿಯಾ, ಬೆಳೆಸಿ ದಾಟಿಸಿದ್ದು ಅರಬರು, ಅದನ್ನು ಲೆಕ್ಕಕ್ಕೂ ಕಾನೂನಿಗೂ ಹಿಗ್ಗಿಸಿದ್ದು ಯುರೋಪು. ಕನ್ನಡದ ಲೆಕ್ಕದ ಪುಸ್ತಕ ತೆರೆದರೂ ಖಜಾನೆ, ಜಮಾ, ಬಾಕಿ, ವಸೂಲಿ, ರಸೀದಿ ಎಂಬ ಅರಬಿ-ಪರ್ಷಿಯನ್ ಮೂಲದ ಪದಗಳು ಸಿಗುತ್ತವೆ. ಅವನ್ನು ಪರಕೀಯವೆಂದು ಹೊರಗಿಟ್ಟರೆ ನಮ್ಮ ಹಳ್ಳಿಯ ಶ್ಯಾನುಭೋಗರ ಕಡತವೇ ಖಾಲಿಯಾದೀತು!

ಆದರೆ ಈ ಪದದ ಪಯಣದಲ್ಲಿ ಪದಗಳ ಲೆಕ್ಕಕ್ಕಿಂತ ದೊಡ್ಡ ಪಾಠವೊಂದಿದೆ. ಚೆಕ್ ಮೊದಲು ಅರಸನಿಗೆ ಹೇಳಿದ ಮಾತು. ಬಳಿಕ ಅಧಿಕಾರಿಯಿಂದ ಲೆಕ್ಕ ಕೇಳುವ ಮೇಜಿನ ಹೆಸರಾಯಿತು. ಇಂದು ನಾವು ಅದನ್ನು ಹೆಚ್ಚಾಗಿ ಕೇಳುವುದು ಅಧಿಕಾರದಲ್ಲಿರುವವರ ಬಾಯಲ್ಲಿ. ಬ್ಯಾಗು ಚೆಕ್ ಮಾಡಬೇಕು, ಗುರುತು ಚೀಟಿ ಚೆಕ್ ಮಾಡಬೇಕು ಎಂದು ಅವರು ಹೇಳುತ್ತಾರೆ, ಸಾಮಾನ್ಯ ಜನರು ಸಾಲುಗಟ್ಟಿ ನಿಲ್ಲುತ್ತಾರೆ. ಸುರಕ್ಷತೆಗೆ ತಪಾಸಣೆ ಬೇಕು, ನಿಜ. ಆದರೆ ಪ್ರಜೆಯನ್ನು ಪರೀಕ್ಷಿಸುವ ಪ್ರಭುತ್ವವನ್ನು ಪರೀಕ್ಷಿಸುವವರು ಯಾರು?

ಇದಕ್ಕೆ ನಮ್ಮ ನಾಡಿನ ಇತಿಹಾಸದಲ್ಲೇ ಒಂದು ಉತ್ತರವಿದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರಿಗೆ ವಿಧಾನಸಭೆಯಲ್ಲಿ ಬಹುಮತ ಸಾಬೀತು ಮಾಡಲು ಅವಕಾಶ ಕೊಡದೆ ಅವರ ಸರಕಾರವನ್ನು ವಜಾಗೊಳಿಸಿ ರಾಷ್ಟ್ರಪತಿ ಆಡಳಿತ ಹೇರಲಾಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ ತೀರ್ಪು ನೀಡಿತು. ಬಹುಮತದ ಪರೀಕ್ಷೆ ಸದನದಲ್ಲೇ ನಡೆಯಬೇಕು, ರಾಷ್ಟ್ರಪತಿ ಆಡಳಿತದ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದಿತು. ಬೊಮ್ಮಾಯಿಯವರಿಗೆ ಕಳೆದುಹೋದ ಅಧಿಕಾರ ಮರಳಿ ಸಿಗಲಿಲ್ಲ. ಆದರೆ ಚುನಾಯಿತ ಸರಕಾರಗಳನ್ನು ಮನಬಂದಂತೆ ಕಿತ್ತೆಸೆಯುವ ದಿಲ್ಲಿಯ ಚಾಳಿಗೆ ಕಡಿವಾಣ ಬಿತ್ತು. ದಿಲ್ಲಿಯ ಅರಸನಿಗೆ ನ್ಯಾಯಾಲಯ 'ಶಾಹ್' ಎಂದಿತು. 2005ರ ಮಾಹಿತಿ ಹಕ್ಕು ಕಾಯ್ದೆಯಂತೂ ಹಾಗೆನ್ನುವ ಅವಕಾಶವನ್ನು ಸಾಮಾನ್ಯ ಪ್ರಜೆಗೂ ಕೊಟ್ಟಿತು.

ಚದುರಂಗದಲ್ಲಿ ಅರಸನಿಗೆ ಚೆಕ್ ಕೊಡಲು ದೊಡ್ಡ ಕಾಯಿಯೇ ಬೇಕೆಂದಿಲ್ಲ. ಒಂದೊಂದೇ ಹೆಜ್ಜೆ ಇಡುವ ಕಾಲಾಳೂ ಅದನ್ನು ಮಾಡಬಲ್ಲ. ಮುಂದಿನ ಬಾರಿ ಯಾರಾದರೂ ನಮ್ಮನ್ನು ಚೆಕ್ ಮಾಡಲು ನಿಲ್ಲಿಸಿದಾಗ ಸಹಕರಿಸೋಣ. ಜೊತೆಗೆ, ಈ ಪದ ಮೊದಲು ಯಾರಿಗೆ ಹೇಳಿದ್ದೆಂಬುದನ್ನೂ ನೆನಪಿಟ್ಟುಕೊಳ್ಳೋಣ.