ಮರಳ ದಂಡೆಯ ಮಹಡಿಮನೆಗಳು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದಾಗ ಅವರ ಕಣ್ಣ ಮುಂದೆ ಇದ್ದವನು ತಾನೇ ನಿಂತು ತಳಪಾಯ ತೋಡಿಸಿ, ಮೇಸ್ತ್ರಿಯೊಡನೆ ವಾದ ಮಾಡಿ, ಗಾರೆ ಹದವಾಗಿ ಅರೆದಿದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದ ಗೃಹಸ್ಥ. ಇಂದಿನ ಪಟ್ಟಣಿಗನಿಗೆ ಆ ಯೋಗವೂ ಇಲ್ಲ, ಆ ಕಷ್ಟವೂ ಇಲ್ಲ. ಅವನು ಕಟ್ಟಿ ಮುಗಿದ ಮನೆಯನ್ನು ಕೊಳ್ಳುತ್ತಾನೆ. ಯಾರೋ ಹಾಕಿದ ಲೆಕ್ಕ, ಯಾರೋ ಕಟ್ಟಿದ ಕಬ್ಬಿಣದ ಸರಳು, ಯಾರೋ ಒತ್ತಿದ ಮುದ್ರೆ, ಈ ಮೂರನ್ನು ನಂಬಿ ಆರನೆಯ ಮಹಡಿಯಲ್ಲಿಯೋ ಹತ್ತನೆಯ ಮಹಡಿಯಲ್ಲಿಯೋ ಹಾಸಿಗೆ ಹಾಸಿ ನಿದ್ರಿಸುತ್ತಾನೆ. ಈ ನಂಬಿಕೆಯ ಬೆನ್ನಿಗೆ ಎಷ್ಟು ಬಲವಿದೆ ಎಂಬುದನ್ನು ಅಳೆಯಬೇಕಾದರೆ ಅಮೆರಿಕದ ಫ್ಲಾರಿಡಾ ಸಂಸ್ಥಾನದ ಪೂರ್ವ ಕರಾವಳಿಯ ಚರಿತ್ರೆಯನ್ನು ಓದಬೇಕು. ಕಟ್ಟಡಗಳು ಬೀಳುವುದು, ಬಿದ್ದ ಮೇಲೆ ಶಾಸನ ಹುಟ್ಟುವುದು, ಆ ಶಾಸನದ ಕಣ್ಣು ತಪ್ಪಿಸಿ ಮತ್ತೊಂದು ಬೀಳುವುದು, ಇವೆಲ್ಲ ಅಲ್ಲಿ ಸುಮಾರು ನೂರು ವರ್ಷಗಳ ಅವಧಿಯಲ್ಲಿ ಒಂದರ ಹಿಂದೊಂದು ನಡೆದಿವೆ.

ಮಯಾಮಿ ನಗರಕ್ಕೆ ಪುರಸಭೆ ಬಂದದ್ದು 1896ರಲ್ಲಿ, ರೈಲು ಬಂದ ವರ್ಷವೇ. ಅದರೆದುರಿಗೆ ಸಮುದ್ರದಲ್ಲಿ ಉದ್ದಕ್ಕೆ ಚಾಚಿದ್ದ ಮರಳಿನ ದಿಬ್ಬದ ಮೇಲೆ ಕಾಂಡ್ಲಾ ಗಿಡಗಳ ಕಾಡಿತ್ತು. ಬಂಡವಳಿಗರು ಆ ಕಾಡನ್ನು ಕಡಿಸಿ, ಹಿನ್ನೀರಿನ ತಳದಿಂದ ಮರಳನ್ನು ಎತ್ತಿ ತುಂಬಿಸಿ, ಮಯಾಮಿ ಬೀಚ್ ಎಂಬ ವಿಹಾರನಗರವನ್ನು ನಿರ್ಮಿಸಿದರು. 1920ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅಲ್ಲಿ ನಿವೇಶನಗಳ ವ್ಯಾಪಾರ ಜ್ವರದಂತೆ ಏರಿತು. ನೆಲವನ್ನು ನೋಡದೆಯೇ ಕೊಂಡವರು ಅದನ್ನು ನೋಡದೆಯೇ ಮಾರಿದರು. ಮನೆಗಳೂ ಅದೇ ಅವಸರದಲ್ಲಿ ಎದ್ದವು.

1926ರ ಸೆಪ್ಟೆಂಬರ್ 18ರಂದು ಆ ಅವಸರದ ಮೊದಲ ಪರೀಕ್ಷೆಯಾಯಿತು. ಚಂಡಮಾರುತದ ನಡುಗಣ್ಣು ಊರಿನ ಮೇಲೆ ಬಂದು ಗಾಳಿ ನಿಂತಾಗ, ಎಲ್ಲ ಮುಗಿಯಿತೆಂದು ಬೀದಿಗೆ ಬಂದವರು ಮರುಗಾಳಿಗೆ ಸಿಕ್ಕಿದರು. 300ಕ್ಕೂ ಹೆಚ್ಚು ಜನ ಸತ್ತರು. ಹಗುರವಾಗಿ ಕಟ್ಟಿದ ಮನೆಗಳು ಸಾಲುಸಾಲಾಗಿ ನೆಲಕಚ್ಚಿದವು. ಆಗ ಕಟ್ಟಡದ ನಿಯಮಗಳು ಬಿಗಿಯಾದವು. ಮುಂದೆ 1957ರಲ್ಲಿ ದಕ್ಷಿಣ ಫ್ಲಾರಿಡಾಕ್ಕೇ ಒಂದು ಕಟ್ಟಡ ಸಂಹಿತೆ ಜಾರಿಗೆ ಬಂದಿತು. ಗಾಳಿಗೆ ಇಷ್ಟು ಬಲ, ಛಾವಣಿಗೆ ಇಷ್ಟು ಬಿಗಿ ಎಂದು ಅದರಲ್ಲಿ ಬರೆದಿಟ್ಟರು.

ಆದರೆ ಕರಾವಳಿಯ ಶತ್ರು ಗಾಳಿಯೊಂದೇ ಆಗಿರಲಿಲ್ಲ. ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಸಿಮೆಂಟಿನ ಕ್ಷಾರಗುಣವೇ ತುಕ್ಕು ಹಿಡಿಯದಂತೆ ಕಾಪಾಡುತ್ತದೆ. ಉಪ್ಪು ಒಳಸೇರಿದರೆ ಆ ಕಾಪು ಮುರಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಮೂಲ ಕಬ್ಬಿಣಕ್ಕಿಂತ ತುಕ್ಕಿಗೆ ಹಲವು ಪಟ್ಟು ಹೆಚ್ಚು ಜಾಗ ಬೇಕು. ಆ ಒತ್ತಡಕ್ಕೆ ಮೇಲಿನ ಕಾಂಕ್ರೀಟು ಬಿರಿದು ಹೆಕ್ಕಳಿಕೆಯಾಗಿ ಉದುರುತ್ತದೆ. ಬಿರುಕಿನೊಳಗೆ ಮತ್ತಷ್ಟು ಉಪ್ಪುನೀರು ಇಳಿಯುತ್ತದೆ. ಹೊರಗೆ ಸುಣ್ಣ ಬಣ್ಣ ಸರಿಯಾಗಿದ್ದರೆ ಈ ರೋಗ ವರ್ಷಾನುಗಟ್ಟಲೆ ಯಾರಿಗೂ ತಿಳಿಯದೆ ಬೆಳೆಯಬಹುದು.

ಈ ಗುಪ್ತಶತ್ರು ತನ್ನ ಇರವನ್ನು ಸಾರಿದ್ದು 1974ರ ಆಗಸ್ಟ್ 5ರಂದು. ಮಯಾಮಿ ನಗರದ ಮಧ್ಯದಲ್ಲಿ, ನಿವೇಶನಜ್ವರದ ಕಾಲವಾದ 1925ರಲ್ಲಿ ಕಟ್ಟಿದ್ದ ಒಂದು ಕಟ್ಟಡವಿತ್ತು. ಒಳಗೆ ಕೇಂದ್ರ ಸರ್ಕಾರದ ಕಚೇರಿ. ಛಾವಣಿಯ ಮೇಲೆ ಮೋಟಾರು ನಿಲ್ಲಿಸುವ ಜಾಗ. ಆ ಛಾವಣಿ ಕುಸಿದು ಏಳು ಮಂದಿ ಸತ್ತರು. ಕಾಂಕ್ರೀಟಿಗೆ ಬೆರೆಸಿದ್ದ ಮರಳಿನಲ್ಲಿ ಉಪ್ಪು ಇದ್ದು ಒಳಗಿನ ಉಕ್ಕನ್ನು ಸವೆಸಿತ್ತು. ಅದರ ಮೇಲೆ ಹೊಸದಾಗಿ ಹಾಸಿದ್ದ ಪದರದ ಭಾರವೂ ಬಿದ್ದಿತ್ತು. ಇದರ ಫಲವಾಗಿ ಆ ಜಿಲ್ಲೆಯಲ್ಲಿ ಹೊಸದೊಂದು ನಿಯಮ ಹುಟ್ಟಿತು. ಕಟ್ಟಡಕ್ಕೆ 40 ವರ್ಷ ತುಂಬಿದಾಗ ಇಂಜಿನಿಯರೊಬ್ಬರಿಂದ ಪರೀಕ್ಷೆ ಮಾಡಿಸಿ ಯೋಗ್ಯತಾಪತ್ರ ಪಡೆಯಬೇಕು. ಆ ಬಳಿಕ ಹತ್ತು ಹತ್ತು ವರ್ಷಕ್ಕೊಮ್ಮೆ ಮರುಪರೀಕ್ಷೆ ಆಗಬೇಕು. ಅಮೆರಿಕದಲ್ಲಿ ಇಂಥ ನಿಯಮ ಆಗ ಅಪರೂಪ. ಆದರೆ ಈ ನಿಯಮದೊಳಗೆ ಒಂದು ಊಹೆ ಅಡಗಿತ್ತು. ಕಟ್ಟಡ ಹುಟ್ಟುವಾಗ ಆರೋಗ್ಯವಾಗಿಯೇ ಹುಟ್ಟಿರುತ್ತದೆ, ಮುಪ್ಪಿನಲ್ಲಿ ನೋಡಿಕೊಂಡರೆ ಸಾಕು ಎಂಬುದೇ ಆ ಊಹೆ.

ಅದು ಎಷ್ಟು ದುರ್ಬಲವೆಂಬುದಕ್ಕೆ ಸಾಕ್ಷಿ ದೊರೆಯಲು ಏಳು ವರ್ಷವೂ ಹಿಡಿಯಲಿಲ್ಲ. ಮಯಾಮಿಯಿಂದ ಉತ್ತರಕ್ಕೆ, ಅದೇ ಕಡಲಂಚಿನಲ್ಲಿ ಕೋಕೋ ಬೀಚ್ ಎಂಬ ಊರಿದೆ. ಅಲ್ಲಿ ಹಾರ್ಬರ್ ಕೇ ಎಂಬ ಐದು ಅಂತಸ್ತಿನ ವಾಸದ ಕಟ್ಟಡ ಏಳುತ್ತಿತ್ತು. 1981ರ ಮಾರ್ಚ್ 27ರಂದು ಮೇಲ್ಛಾವಣಿಗೆ ಕಾಂಕ್ರೀಟು ಸುರಿಯುತ್ತಿದ್ದಾಗ ಇಡೀ ಕಟ್ಟಡ ಒಂದರ ಮೇಲೊಂದು ರೊಟ್ಟಿ ಪೇರಿಸಿದಂತೆ ಕುಸಿಯಿತು. ಹನ್ನೊಂದು ಮಂದಿ ಕೆಲಸಗಾರರು ಸತ್ತರು. ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಸರ್ಕಾರಿ ಸಂಸ್ಥೆ ವಿಚಾರಣೆ ನಡೆಸಿತು.

ಆ ವಿಚಾರಣೆಯಿಂದ ಹೊರಬಿದ್ದ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕು. ಆ ಕಟ್ಟಡದಲ್ಲಿ ಕಂಬಗಳ ಮೇಲೆ ತೊಲೆಗಳಿರಲಿಲ್ಲ. ಚಪ್ಪಟೆಯಾದ ಕಾಂಕ್ರೀಟು ಚಪ್ಪಡಿ ನೇರವಾಗಿ ಕಂಬಗಳ ತಲೆಯ ಮೇಲೆ ಕೂತಿತ್ತು. ತೊಲೆಯಿಲ್ಲದಿದ್ದರೆ ಖರ್ಚು ಕಡಿಮೆ, ಅಂತಸ್ತಿನ ಎತ್ತರವೂ ಉಳಿಯುತ್ತದೆ. ಆದರೆ ಇಂಥ ಕಟ್ಟಣೆಗೆ ಒಂದು ಅಪಾಯವುಂಟು. ಹಪ್ಪಳವೊಂದನ್ನು ಬೆರಳ ತುದಿಯ ಮೇಲಿಟ್ಟು ಸುತ್ತಲೂ ಅದುಮಿದರೆ ಬೆರಳು ಹಪ್ಪಳವನ್ನು ತೂರಿಕೊಂಡು ಮೇಲೆ ಬರುವಂತೆ, ಭಾರ ಹೆಚ್ಚಾದಾಗ ಕಂಬ ಚಪ್ಪಡಿಯನ್ನು ತೂರಿಬಿಡುತ್ತದೆ. ಒಂದು ಕಂಬದ ಬಳಿ ಹೀಗಾದರೆ ಅದರ ಭಾರ ಪಕ್ಕದ ಕಂಬಕ್ಕೆ ಬೀಳುತ್ತದೆ, ಅದೂ ತೂರುತ್ತದೆ. ಚಪ್ಪಡಿ ಇದನ್ನು ತಡೆದೀತೇ ಎಂಬ ಲೆಕ್ಕವನ್ನು ವಿನ್ಯಾಸಕಾರರು ಹಾಕಿಯೇ ಇರಲಿಲ್ಲ. ಸಂಹಿತೆಯ ಪ್ರಕಾರ 11 ಅಂಗುಲ ದಪ್ಪ ಬೇಕಾದಲ್ಲಿ 8 ಅಂಗುಲವಿತ್ತು. ಸಾಲದುದಕ್ಕೆ, ಮೇಲ್ಭಾಗದ ಸರಳುಗಳನ್ನು ಎತ್ತಿ ಹಿಡಿಯುವ ಕುದುರೆಗಳು ಗಿಡ್ಡವಾಗಿದ್ದು ಸರಳುಗಳು ಇರಬೇಕಾದುದಕ್ಕಿಂತ ಕೆಳಗೆ ಕೂತಿದ್ದವು. ಲೆಕ್ಕ ಹಾಕಬೇಕಾದವನು ಹಾಕಲಿಲ್ಲ. ನಕ್ಷೆಗೆ ಒಪ್ಪಿಗೆ ಕೊಟ್ಟವರು ಲೆಕ್ಕ ಎಲ್ಲಿ ಎಂದು ಕೇಳಲಿಲ್ಲ. ಕಾಂಕ್ರೀಟು ಸುರಿಯುವ ಮೊದಲು ಸರಳು ಎಲ್ಲಿದೆ ಎಂದು ಯಾರೂ ಅಳೆಯಲಿಲ್ಲ. ಒಂದೇ ತಪ್ಪು ಮೂರು ಬಾಗಿಲುಗಳನ್ನು ದಾಟಿ ಬಂದಿತ್ತು.

ಅದೇ 1981ರಲ್ಲಿ, ಅಲ್ಲಿಂದ 200 ಮೈಲಿಯೊಳಗಿನ ದೂರದಲ್ಲಿ, ಮಯಾಮಿ ಬೀಚಿಗೆ ಹೊಂದಿಕೊಂಡ ಸರ್ಫ್‌ಸೈಡ್ ಎಂಬ ಪುಟ್ಟ ಊರಿನಲ್ಲಿ ಇನ್ನೊಂದು ಕಟ್ಟಡ ಪೂರ್ತಿಯಾಯಿತು. ಷಾಂಪ್ಲೇನ್ ಟವರ್ಸ್ ಸೌತ್ ಎಂದು ಅದರ ಹೆಸರು. ಹನ್ನೆರಡು ಅಂತಸ್ತು, 136 ಮನೆಗಳು. ಎದುರಿಗೆ ಕಡಲು, ಪಕ್ಕದಲ್ಲಿ ಈಜುಕೊಳದ ಅಂಗಳ, ಅಂಗಳದ ಕೆಳಗೆ ಮೋಟಾರುಗಳ ನೆಲಮಾಳಿಗೆ. ಆ ಅಂಗಳವೂ ಕಂಬಗಳ ಮೇಲೆ ಕೂತ ಚಪ್ಪಟೆ ಚಪ್ಪಡಿಯೇ. ಕೋಕೋ ಬೀಚಿನ ದುರಂತ ನಡೆಯುವ ವೇಳೆಗೆ ಇದರ ನಕ್ಷೆಗೆ ಒಪ್ಪಿಗೆ ದೊರೆತು ಕೆಲಸ ಬಹಳ ಮುಂದುವರಿದಿತ್ತು. ಅಲ್ಲಿ ಕಲಿತ ಪಾಠವನ್ನು ಇಲ್ಲಿ ಎದ್ದು ನಿಂತ ಕಟ್ಟಡಕ್ಕೆ ಹಚ್ಚಿ ನೋಡಬೇಕೆಂದು ಯಾವ ನಿಯಮವೂ ಹೇಳಲಿಲ್ಲ. ಮುಂದಿನ ಪರೀಕ್ಷೆಗೆ 40 ವರ್ಷ ಬಾಕಿಯಿತ್ತು.

ಈ ನಡುವೆ 1992ರ ಆಗಸ್ಟ್ 24ರಂದು ಆಂಡ್ರೂ ಚಂಡಮಾರುತ ಬಂದು ಆ ಜಿಲ್ಲೆಯಲ್ಲಿ 25 ಸಾವಿರಕ್ಕೂ ಹೆಚ್ಚು ಮನೆಗಳನ್ನು ನಾಶಮಾಡಿತು. ಹಾರಿಹೋದ ಛಾವಣಿಗಳನ್ನು ಪರೀಕ್ಷಿಸಿದಾಗ, ಹಲಗೆಗೆ ಹೊಡೆದ ಮೊಳೆ ಕೆಳಗಿನ ಜಂತೆಯನ್ನು ಮುಟ್ಟಿಯೇ ಇರಲಿಲ್ಲವೆಂಬುದು ಎಷ್ಟೋ ಕಡೆ ಕಂಡುಬಂದಿತು. ದೇಶದಲ್ಲಿಯೇ ಬಿಗಿಯಾದ ಸಂಹಿತೆಯೆಂದು ಹೆಸರಾದುದು ಕಾಗದದಲ್ಲಿತ್ತು; ಮೊಳೆ ಗಾಳಿಯಲ್ಲಿತ್ತು. ಮತ್ತೆ ಶಾಸನಗಳು ಬಿಗಿಯಾದವು. 2002ರಲ್ಲಿ ಸಂಸ್ಥಾನಕ್ಕೆಲ್ಲ ಒಂದೇ ಸಂಹಿತೆ ಜಾರಿಗೆ ಬಂದಿತು. ಜನರ ಕಣ್ಣೆಲ್ಲ ಮೇಲಿನ ಛಾವಣಿಯ ಮೇಲೆ, ಕಿಟಕಿಯ ಗಾಜಿನ ಮೇಲೆ ನೆಟ್ಟಿತು. ಕಾಲಡಿಯ ನೆಲಮಾಳಿಗೆಯಲ್ಲಿ ತೊಟ್ಟಿಕ್ಕುತ್ತಿದ್ದ ನೀರಿನ ಕಡೆಗೆ ಆ ಕಣ್ಣು ಹೊರಳಲಿಲ್ಲ.

ಷಾಂಪ್ಲೇನ್ ಕಟ್ಟಡಕ್ಕೆ 40ನೆಯ ವರ್ಷ ಸಮೀಪಿಸಿತು. 2018ರಲ್ಲಿ ಅಲ್ಲಿನ ನಿವಾಸಿಗಳ ಸಂಘ ಒಬ್ಬ ಇಂಜಿನಿಯರನ್ನು ಕರೆಸಿತು. ಅವರ ವರದಿ ಮುಚ್ಚುಮರೆಯಿಲ್ಲದ್ದು. ಈಜುಕೊಳದ ಅಂಗಳಕ್ಕೆ ನೀರು ಹರಿದುಹೋಗಲು ಇಳಿಜಾರನ್ನೇ ಕೊಟ್ಟಿಲ್ಲ. ನೀರು ನಿಂತಲ್ಲೇ ನಿಲ್ಲುತ್ತದೆ. ನೀರು ಇಂಗದಂತೆ ಹಾಕಿದ ಪದರ ಕೆಟ್ಟುಹೋಗಿದೆ. ಅದರಿಂದ ಕೆಳಗಿನ ಚಪ್ಪಡಿಗೆ ಭಾರಿ ಹಾನಿಯಾಗಿದೆ. ನೆಲಮಾಳಿಗೆಯ ಕಂಬ, ತೊಲೆ, ಗೋಡೆಗಳಲ್ಲಿ ಬಿರುಕುಗಳು ಧಾರಾಳವಾಗಿವೆ. ದುರಸ್ತಿಯ ಅಂದಾಜು 90 ಲಕ್ಷ ಡಾಲರುಗಳಿಗೂ ಮೇಲೆ. ಆದರೆ ಕಟ್ಟಡ ಬೀಳುವ ಭಯವಿದೆ ಎಂಬ ಮಾತು ಅದರಲ್ಲಿ ಇರಲಿಲ್ಲ. ಮರುತಿಂಗಳೇ ಊರಿನ ಕಟ್ಟಡಾಧಿಕಾರಿ ನಿವಾಸಿಗಳ ಸಭೆಗೆ ಬಂದು, ಕಟ್ಟಡ ಬಹಳ ಚೆನ್ನಾಗಿಯೇ ಇದೆಯೆಂಬ ಅರ್ಥದ ಮಾತನ್ನಾಡಿದರೆಂದು ಸಭೆಯ ನಡವಳಿಯಲ್ಲಿ ದಾಖಲಾಯಿತು.

ಆಮೇಲಿನ ಎರಡೂವರೆ ವರ್ಷಗಳ ಕಥೆಯನ್ನು ಓದುವಾಗ ಯಾರನ್ನೂ ದುಷ್ಟರೆನ್ನಲು ಮನಸ್ಸು ಬರುವುದಿಲ್ಲ. 1963ರಲ್ಲಿ ಫ್ಲಾರಿಡಾದಲ್ಲಿ ಬಂದ ಶಾಸನದಂತೆ ಇಂಥ ಕಟ್ಟಡದಲ್ಲಿ ಮನೆ ಒಬ್ಬೊಬ್ಬನದು. ಕಂಬ, ಚಪ್ಪಡಿ, ಅಂಗಳ ಎಲ್ಲರವು. ಎಲ್ಲರದಾದುದು ಯಾರದೂ ಆಗದಿರುವುದು ಲೋಕಾನುಭವ. ಹಲವರ ನಡುವೆ ಹಾವು ಸಾಯದು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಕೆಲಸ ಅಗತ್ಯವೇ, ಇಷ್ಟು ಹಣ ಬೇಕೇ, ಈಗಲೇ ಬೇಕೇ ಎಂದು ಸಂಘದಲ್ಲಿ ಚರ್ಚೆ ಬೆಳೆಯಿತು. 2019ರಲ್ಲಿ ಕಾರ್ಯಕಾರಿ ಸಮಿತಿಯ ಬಹುಪಾಲು ಸದಸ್ಯರು ರಾಜೀನಾಮೆ ಕೊಟ್ಟರು. ವಿಶ್ರಾಂತಿ ವೇತನದ ಮೇಲೆ ಬದುಕುವ ವೃದ್ಧರೂ ಅಲ್ಲಿದ್ದರು. ಮನೆಯೊಂದಕ್ಕೆ 80 ಸಾವಿರ ಡಾಲರು ಎಂದರೆ ಅಂಥವರಿಗೆ ಆಯುಷ್ಯದ ಉಳಿತಾಯ. 2021ರ ಏಪ್ರಿಲ್ ವೇಳೆಗೆ ಅಂದಾಜು ಒಂದೂವರೆ ಕೋಟಿ ಡಾಲರಿಗೆ ಏರಿತು. ಬಿರುಕುಗಳು ಹೆಚ್ಚುತ್ತಿವೆಯೆಂದು ಸಂಘದ ಅಧ್ಯಕ್ಷರೇ ನಿವಾಸಿಗಳಿಗೆ ಪತ್ರ ಬರೆದರು. ಕೊನೆಗೂ ಹಣ ಕೂಡಿಸುವ ನಿರ್ಣಯವಾಯಿತು.

2021ರ ಜೂನ್ 24ರ ರಾತ್ರಿ ಒಂದೂಕಾಲು ಗಂಟೆಯ ಸುಮಾರಿಗೆ ಈಜುಕೊಳದ ಅಂಗಳ ಕುಸಿಯಿತು. ನೆಲಮಾಳಿಗೆಯೊಳಗೆ ನೀರು ಸುರಿಯುವುದನ್ನು ಹೊರಗಿದ್ದ ಪ್ರವಾಸಿಗಳು ಕಂಡರು. ಕೆಲವು ನಿಮಿಷಗಳು ಕಳೆದವು. ಅಷ್ಟರಲ್ಲಿ ಎಚ್ಚರಾಗಿ ಓಡಿಬಂದ ಕೆಲವರು ಉಳಿದರು. ಬಳಿಕ ಕಟ್ಟಡದ ನಡುಭಾಗ ಕೆಳಗಿಳಿಯಿತು. ಕಡಲ ಕಡೆಯ ಪಾರ್ಶ್ವ ಅದರ ಹಿಂದೆಯೇ ಬಿದ್ದಿತು. 98 ಮಂದಿ ಸತ್ತರು. ಬಹುಪಾಲು ಜನ ನಿದ್ರೆಯಲ್ಲಿದ್ದರು. ಆ ಹೊತ್ತಿನಲ್ಲಿ ಅಲ್ಲಿ ಬಿರುಗಾಳಿಯಿರಲಿಲ್ಲ, ಭೂಕಂಪವಾಗಲಿಲ್ಲ.

ವಿಚಾರಣೆಯ ಹೊಣೆ ಬಿದ್ದುದು ಎನ್ಐಎಸ್‌ಟಿ ಎಂಬ ಸಂಸ್ಥೆಯ ಮೇಲೆ. ನಲವತ್ತು ವರ್ಷ ಹಿಂದೆ ಕೋಕೋ ಬೀಚಿನ ಅವಶೇಷಗಳನ್ನು ಪರೀಕ್ಷಿಸಿದ ಸಂಸ್ಥೆಯೇ ಇದು. 1988ರಲ್ಲಿ ಅದರ ಹೆಸರು ಮಾತ್ರ ಬದಲಾಗಿತ್ತು. 2023ರಲ್ಲಿ ಅದು ಪ್ರಕಟಿಸಿದ ಪ್ರಾಥಮಿಕ ನಿರ್ಣಯಗಳಲ್ಲಿ ಮುಖ್ಯವಾದುದು ಇದು: ಈಜುಕೊಳದ ಅಂಗಳದ ವಿನ್ಯಾಸವೇ ಆ ಕಾಲದ ಸಂಹಿತೆಗೆ ತಕ್ಕಂತಿರಲಿಲ್ಲ, ಹಲವೆಡೆ ಅದಕ್ಕೆ ಬೇಕಾದ ಬಲದಲ್ಲಿ ಅರ್ಧದಷ್ಟೇ ಇತ್ತು. ಇದರ ಮೇಲೆ ನಕ್ಷೆಯಲ್ಲಿಲ್ಲದ ಗಿಡಗಳ ತೊಟ್ಟಿಗಳು, ಮರಳು, ಹಾಸುಕಲ್ಲುಗಳ ಭಾರ ಬಂದು ಕೂತಿತ್ತು. ಉಪ್ಪು ನೀರು ತನ್ನ ಕೆಲಸವನ್ನು ನಿಧಾನವಾಗಿ ಮಾಡಿತ್ತು. ಮುಪ್ಪಿನ ರೋಗವೆಂದು ಎಲ್ಲರೂ ತಿಳಿದಿದ್ದುದರ ಕೆಳಗೆ ಹುಟ್ಟಿನ ದೋಷವೇ ಇತ್ತು. ಅದು ನಲವತ್ತು ವರ್ಷ ಹೇಗೋ ನಿಂತಿತ್ತು ಎಂಬುದೇ ಎಲ್ಲರಿಗೂ ಅದರ ಬಲದ ಪ್ರಮಾಣಪತ್ರವಾಗಿಬಿಟ್ಟಿತ್ತು.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚುವ ಕೆಲಸ ಮತ್ತೆ ನಡೆಯಿತು. 2022ರ ಶಾಸನ ಮೂರು ಅಂತಸ್ತು ಅಥವಾ ಅದಕ್ಕಿಂತ ಎತ್ತರದ ಇಂಥ ಸಾಮೂಹಿಕ ವಾಸದ ಕಟ್ಟಡಗಳಿಗೆ 30ನೆಯ ವರ್ಷದಲ್ಲಿ, ಕಡಲಿಗೆ ಮೂರು ಮೈಲಿಯೊಳಗಿದ್ದರೆ 25ನೆಯ ವರ್ಷದಲ್ಲಿಯೇ ಪರೀಕ್ಷೆಯನ್ನು ವಿಧಿಸಿತು. ದುರಸ್ತಿಯ ನಿಧಿಯನ್ನು ಕೂಡಿಡುವುದು ಸಂಘಗಳ ಕರ್ತವ್ಯವೆಂದೂ, ಬೇಡವೆಂದು ಮತ ಹಾಕಿ ಅದನ್ನು ತಪ್ಪಿಸಿಕೊಳ್ಳಲಾಗದೆಂದೂ ಹೇಳಿತು. ನೊಂದವರಿಗೆ ನೂರು ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ನ್ಯಾಯಾಲಯ ಅದೇ ವರ್ಷ ಒಪ್ಪಿತು. ಇತ್ತ ಹಳೆಯ ಕಟ್ಟಡಗಳಲ್ಲಿದ್ದ ಅಲ್ಪಾದಾಯದ ವೃದ್ಧರಿಗೆ ಹೊಸ ನಿಧಿಯ ಹೊರೆ ಹೊರಲಾರದಷ್ಟಾಗಿ ಮನೆ ಮಾರುವ ಸ್ಥಿತಿ ಬಂದಿತು. ಹಿಂದೆ ಮಾಡದ ಖರ್ಚನ್ನು ಯಾರಾದರೊಬ್ಬರು ಬಡ್ಡಿಸಹಿತ ತೆರಲೇಬೇಕು.

1926 ಗಾಳಿಗೆ ಅಂಜುವುದನ್ನು ಕಲಿಸಿತು, 1974 ತುಕ್ಕಿಗೆ, 1981 ಹಾಕದೆ ಬಿಟ್ಟ ಲೆಕ್ಕಕ್ಕೆ, 1992 ಮುಟ್ಟದ ಮೊಳೆಗೆ. ಪ್ರತಿಯೊಂದು ನಿಯಮವೂ ಹಿಂದಿನ ದುರಂತದ ಕಡೆಗೆ ಮುಖಮಾಡಿ ನಿಂತ ಕಾವಲುಗಾರನಂತೆ ಇತ್ತು. ಮುಂದಿನದು ಅವನ ಬೆನ್ನ ಹಿಂದಿನಿಂದ ಬಂದಿತು. ನಿಯಮ ಬೇಡವೆಂದು ಇದರ ಅರ್ಥವಾಗದು. ಆ ನಿಯಮಗಳಿಂದ ಉಳಿದ ಜೀವಗಳು ಲೆಕ್ಕಕ್ಕೆ ಸಿಗುವುದಿಲ್ಲ, ಅಷ್ಟೇ. ಆದರೆ ನಿಯಮ ನೋಡಲಾರದು, ಮನುಷ್ಯ ನೋಡಬೇಕು. ಹಳೆಯ ಗೃಹಸ್ಥ ಗಾರೆಯನ್ನು ಮುಟ್ಟಿ ನೋಡಿದ್ದು ಅದರಡಿಯಲ್ಲಿ ಮಲಗುವವನು ತಾನೇ ಆಗಿದ್ದರಿಂದ. ಇಂದು ಲೆಕ್ಕ ಹಾಕುವವನೂ ಸರಳು ಕಟ್ಟುವವನೂ ಮುದ್ರೆ ಒತ್ತುವವನೂ ಆ ಛಾವಣಿಯ ಕೆಳಗೆ ಮಲಗುವುದಿಲ್ಲ. ಮಲಗುವವರು ಕೇಳದಿದ್ದರೆ ಮತ್ತಾರು ಕೇಳಬೇಕು? ನಿವಾಸಿಗಳ ಸಂಘದ ಸಭೆಯಲ್ಲಿ ನೆಲಮಾಳಿಗೆಯ ಬಿರುಕಿನ ಮಾತು ಬಂದಾಗ, ಇಷ್ಟು ವರ್ಷ ನಿಂತಿದೆಯಲ್ಲ ಎಂಬ ಸಮಾಧಾನ ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಸರ್ಫ್‌ಸೈಡಿನ ಕಟ್ಟಡವೂ ಜೂನ್ 23ರ ಸಂಜೆಯವರೆಗೆ ನಿಂತೇ ಇತ್ತು.